ಮೆಟ್ಟಿಲ ಕೆಳಗೆ

ಈಚೆಗೆ ನಮ್ಮೂರಿನ ಹಳೆಯ ಎಸ್ಟೇಟು ಬಂಗಲೆಯನ್ನು ಕೊಂಡವರು ಅದನ್ನು ಹೋಂಸ್ಟೇ ಮಾಡುತ್ತಿದ್ದಾರೆ. ಬಂದವರು ಓದಲೆಂದು ಬಂಗಲೆಯ ಹಳೆಯ ಕಾಲದ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಅಲ್ಲಿ ರೈಟರಾಗಿದ್ದವರ ಮಗ ನಾನು. ಕನ್ನಡ, ಮಲಯಾಳ ಎರಡೂ ಬರುತ್ತದೆ. ಒಂದು ಸಂಜೆಯ ಕೆಲಸವೆಂದು ಒಪ್ಪಿಕೊಂಡೆ. ಮೂರು ತಿಂಗಳಾಯಿತು.

ಬರೆಯುವುದಕ್ಕೇನೂ ಕೊರತೆಯಿಲ್ಲ. ಪನಮರದ ಆಚೆಗಿನ ಆ ಗುಡ್ಡದಲ್ಲಿ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿಗಿಡಗಳೆಲ್ಲ ಬೆಳ್ಳಗಾಗುತ್ತಿದ್ದವು. ಸುಗ್ಗಿಯಲ್ಲಿ ಕಣದ ತುಂಬ ಹರಡಿದ ಹಣ್ಣಿನ ಹುಳಿವಾಸನೆ ರಾತ್ರಿಯೂ ಮನೆಯೊಳಗೆ ಬರುತ್ತಿತ್ತು. ಅಜ್ಜಿ ನನ್ನನ್ನು ಪುಂಜವಯಲಿಗೆ ಕರೆದೊಯ್ದು, ಪಾಳುಬಿದ್ದ ಜನಾರ್ದನಗುಡಿಯ ಕಲ್ಲುಕಂಬಗಳನ್ನು ಮುಟ್ಟಿಸಿ, ‘ನಾವು ನಿನ್ನೆ ಮೊನ್ನೆ ಬಂದವರಲ್ಲ ಮಗಾ’ ಎನ್ನುತ್ತಿದ್ದರು. ಇಷ್ಟನ್ನು ಬರೆದುಕೊಟ್ಟರೆ ಯಾರಿಗೂ ಬೇಸರವಿಲ್ಲ.

ಆದರೆ ನೆನಪು ಅಲ್ಲಿಗೇ ನಿಲ್ಲುವುದಿಲ್ಲವಲ್ಲ! ಮೀನಮಾಸದಲ್ಲಿ ಅಪ್ಪನ ಜೊತೆ ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವಿನ ಜಾತ್ರೆಗೆ ಹೋಗುತ್ತಿದ್ದೆ. 1965ರ ಸುಮಾರು, ನನಗೆ ಎಂಟು ವರ್ಷ. ನನಗೆ ಬೆಂಡು ಬತ್ತಾಸು ಕೊಡಿಸಿದ ಮೇಲೆ ಅಪ್ಪ ಮರದ ಕೆಳಗೆ ಕೂತು, ಎದುರು ನಿಂತ ಪಣಿಯರಿಗೂ ಅಡಿಯರಿಗೂ ಒಬ್ಬೊಬ್ಬರಿಗಾಗಿ ಹಣ ಎಣಿಸಿ ಕೊಡುತ್ತಿದ್ದರು. ಅಪ್ಪ ದಾನಿ ಎಂದೇ ನಾನು ಹೆಮ್ಮೆಪಟ್ಟಿದ್ದೆ. ಅದು ನಿಲ್ಪುಪಣಂ: ಅದನ್ನು ಕೈಯೊಡ್ಡಿ ತೆಗೆದುಕೊಂಡವನು ಮುಂದಿನ ವರ್ಷದ ಜಾತ್ರೆಯವರೆಗೆ ಆ ಒಡೆಯನ ಆಳು. ಜೀತವನ್ನು ರದ್ದುಮಾಡುವ ಕಾನೂನು ಬಂದದ್ದು 1976ರಲ್ಲಿ. ಅದಕ್ಕೂ ಮೊದಲೇ, 1970ರಲ್ಲಿ, ಕೇರಳದ ಭೂಸುಧಾರಣೆ ಜಾರಿಯಾಯಿತು, ನಿಜ. ತೋಟಗಳನ್ನು ಮಾತ್ರ ಭೂಮಿತಿಯಿಂದ ಹೊರಗಿಟ್ಟಿದ್ದರು. ಬಂಗಲೆ ಉಳಿಯಿತು, ಗಿಡಗಳೂ ಉಳಿದವು, ಗಿಡ ನೆಟ್ಟವರಿಗೆ ಕಾಲನಿಯ ಸೆಂಟು ಲೆಕ್ಕದ ಜಾಗ.

ಮಗುವಿಗೇನು ಗೊತ್ತು ಎಂದು ನನ್ನನ್ನು ನಾನೇ ಬಿಡಿಸಿಕೊಳ್ಳಲು ನೋಡಿದೆ. ಜಾತ್ರೆಯ ಹಣದ ಮಟ್ಟಿಗೆ ಆ ಮಾತು ಸರಿ. ಆದರೆ ನನ್ನ ವಯಸ್ಸಿನ ಪಣಿಯ ಹುಡುಗನೊಬ್ಬ ನನ್ನ ಜೊತೆ ದಿನವೂ ಆಡಲು ಬರುತ್ತಿದ್ದ. ನಮ್ಮ ಮನೆಯ ಮೂರು ಮೆಟ್ಟಿಲು ಅವನು ಹತ್ತುತ್ತಿರಲಿಲ್ಲ. ಯಾರೂ ಹೇಳಿಕೊಡದೆ ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ದಿನ ಜಗಳವಾದಾಗ ನಾನು ಓಡಿಹೋಗಿ ಮೂರನೆಯ ಮೆಟ್ಟಿಲ ಮೇಲೆ ನಿಂತು ನಕ್ಕೆ. ಏನೂ ಅರಿಯದ ಮಗು ಅಲ್ಲಿಗೇ ಏಕೆ ಓಡಬೇಕಿತ್ತು? ಅಪ್ಪನ ಪಾಲಿನದ್ದನ್ನು ಕಾಲದ ಮೇಲೆ, ಯಜಮಾನರ ಮೇಲೆ ಹಾಕಿಬಿಡಬಹುದು. ಆ ನಗು ನನ್ನದು.

ಇನ್ನೊಂದು ಮಾತು; ನಮ್ಮವರಿಗೆ ಇದು ರುಚಿಸಲಿಕ್ಕಿಲ್ಲ. 1956ರಲ್ಲಿ ಗಡಿ ಎಳೆದ ಮೇಲೆ ನಮ್ಮನ್ನು ಯಾರೂ ಎಣಿಸುವುದಿಲ್ಲ, ರೇಶನ್ ಕಾರ್ಡಿನಲ್ಲಿ ನಮ್ಮ ಹೆಸರನ್ನು ನೆಟ್ಟಗೆ ಬರೆಯುವುದಿಲ್ಲ ಎಂದು ನಾವು ದೂರುತ್ತೇವೆ. ನಾನೂ ದೂರಿದ್ದೇನೆ, ದೂರು ಸುಳ್ಳೂ ಅಲ್ಲ. ಆದರೆ ವಯನಾಡಿನ ಕನ್ನಡದವರ ಲೆಕ್ಕ ಹಾಕುವಾಗ, ಕನ್ನಡಕ್ಕೆ ತೀರ ಹತ್ತಿರದ ಮಾತಾಡುವ ಕಾಟುನಾಯ್ಕರು ನಮ್ಮ ನೆನಪಿಗೆ ಬಂದದ್ದುಂಟೇ?

ಅಪ್ಪನ ಹಳೆಯ ಲೆಕ್ಕದ ಪುಸ್ತಕವೊಂದು ನನ್ನಲ್ಲಿದೆ. ಅಂದವಾದ ಕನ್ನಡ ಅಕ್ಷರ. ಕಳೆದ ತಿಂಗಳು ಅದನ್ನು ಚೀಲದಲ್ಲಿಟ್ಟುಕೊಂಡು ಕಾಲನಿಗೆ ಹೋದೆ. ನನ್ನ ಗೆಳೆಯ ಈಗ ಮೊಮ್ಮಕ್ಕಳನ್ನು ಕಂಡವನು. ಮೆಟ್ಟಿಲ ಸಂಗತಿ ಎತ್ತಿದೆ. ಅವನಿಗೆ ನೆನಪಿರಲಿಲ್ಲ, ಅಥವಾ ಹಾಗೆಂದ. ಅವನಿಗೆ ನೆನಪಿದ್ದದ್ದು ಕಣದ ಪಕ್ಕದ ಪೇರಲೆ ಮರ. ಬಂಗಲೆಯವರಿಗೆ ಒಂದು ಪುಟ ಬರೆಯಬೇಕಾಗಿದೆ, ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ.

ಅವನು ಅದಕ್ಕೆ ಉತ್ತರ ಕೊಡಲಿಲ್ಲ. ಪುಸ್ತಕವನ್ನೇ ನೋಡುತ್ತಿದ್ದು, ‘ಅದರಲ್ಲಿ ನನ್ನ ಅಪ್ಪನ ಹೆಸರು ಇದ್ದರೆ ಓದಿ ಹೇಳು’ ಎಂದ.

ಕನ್ನಡಕ ಹಾಕಿಕೊಂಡು ಪುಟ ತಿರುವಿದೆ. ಯಜಮಾನರ ಕುದುರೆಗೆ ಹೆಸರಿತ್ತು. ಮೇಸ್ತ್ರಿಗಳಿಗೆ ಹೆಸರಿತ್ತು. ಅದರ ಕೆಳಗೆ, ಅದೇ ಅಂದವಾದ ಅಕ್ಷರದಲ್ಲಿ, ‘ಪಣಿಯ ಗಂಡಾಳು 9, ಹೆಣ್ಣಾಳು 7’ ಎಂದಿತ್ತು. ಮುಂದಿನ ಪುಟದಲ್ಲೂ ಹಾಗೆಯೇ. ಅವನು ಕಾಯುತ್ತಿದ್ದ, ನಾನು ಪುಟ ತಿರುವುತ್ತಲೇ ಇದ್ದೆ.