ನುಡಿಯದವನ ಹಕ್ಕು



ನುಡಿಯುವವನಿಗೆ ಸ್ವಾತಂತ್ರ್ಯವಿರಬೇಕೆಂದು ಎಲ್ಲರೂ ಒಪ್ಪುತ್ತಾರೆ. ನುಡಿಯದೆ ನಿಲ್ಲುವವನ ಸ್ವಾತಂತ್ರ್ಯವನ್ನು ಕುರಿತು ಚಿಂತಿಸುವವರು ವಿರಳ. 1985ರಲ್ಲಿ ಕೇರಳದ ಒಂದು ಶಾಲೆಯ ಮೂವರು ಒಡಹುಟ್ಟಿದ ಮಕ್ಕಳು ಈ ಪ್ರಶ್ನೆಯನ್ನು ದೇಶದ ಮುಂದಿಟ್ಟರು. ಅವರು ಯೆಹೋವನ ಸಾಕ್ಷಿಗಳೆಂಬ ಸಣ್ಣ ಕ್ರೈಸ್ತ ಪಂಥದವರು. ರಾಷ್ಟ್ರಗೀತೆಯ ಪದಗಳಲ್ಲಿ ಅವರಿಗೆ ದೋಷವೇನೂ ಕಾಣಲಿಲ್ಲ. ಅದನ್ನು ಹಾಡುವುದು ಮಾತ್ರ ತಮ್ಮ ಧರ್ಮಕ್ಕೆ ಸಲ್ಲದೆಂದು ನಂಬಿದ್ದರು. ಎಲ್ಲರಂತೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಸಕರೊಬ್ಬರು ಇದನ್ನು ಕಂಡು ವಿಧಾನಸಭೆಯಲ್ಲಿ ಪ್ರಶ್ನೆಯೆತ್ತಿದರು. ತನಿಖೆಗೆ ನೇಮಿಸಿದ ಆಯೋಗವು ಮಕ್ಕಳು ಗೀತೆಗೆ ಅಗೌರವ ತೋರಿಲ್ಲವೆಂದೇ ವರದಿ ಮಾಡಿತು. ಆದರೂ ಜುಲೈ 26ರಿಂದ ಅವರ ಪಾಲಿಗೆ ಶಾಲೆಯ ಬಾಗಿಲು ಮುಚ್ಚಿತು. ಕೇರಳದ ಉಚ್ಚ ನ್ಯಾಯಾಲಯವೂ ಅವರ ಮೊರೆಯನ್ನು ಮನ್ನಿಸಲಿಲ್ಲ.

1986ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಮಕ್ಕಳನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆಜ್ಞಾಪಿಸಿತು. ಎದ್ದು ನಿಂತವನು ಗೌರವ ಸಲ್ಲಿಸಿದವನೇ; ಹಾಡಲೇಬೇಕೆಂಬ ಶಾಸನವಿಲ್ಲ; ಮೂಲಭೂತ ಹಕ್ಕನ್ನು ಕಸಿಯುವ ಬಲ ಇಲಾಖೆಯ ಸುತ್ತೋಲೆಗಿಲ್ಲ. ಸಂವಿಧಾನದ 19ನೆಯ ವಿಧಿಯ ವಾಕ್‌ಸ್ವಾತಂತ್ರ್ಯದಲ್ಲಿ ಮೌನವೂ ಅಡಕವಾಗಿದೆ; 25ನೆಯದು ಅಂತಃಕರಣವನ್ನು ಕಾಯುತ್ತದೆ. ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರ ಈ ತೀರ್ಪಿನಲ್ಲಿ ನಮ್ಮಂಥ ಭಕ್ತರು ಮನನ ಮಾಡತಕ್ಕ ಅಂಶವೊಂದಿದೆ. ಪರರ ನಂಬಿಕೆ ನಮ್ಮ ಬುದ್ಧಿಗೆ ಹಿಡಿಸಿತೇ ಎಂಬುದಲ್ಲ, ಅವರು ಅದನ್ನು ಮನಃಪೂರ್ವಕವಾಗಿ ನಂಬಿರುವರೇ ಎಂಬುದೇ ಅಲ್ಲಿ ಒರೆಗಲ್ಲು.

ಆ ಮಕ್ಕಳ ನಂಬಿಕೆ ನನಗೂ ಒಪ್ಪಿಗೆಯಾಗದು. ಆ ಗೀತೆಯನ್ನು ಹಾಡುವಾಗ ನನ್ನ ಮೈ ಪುಲಕಗೊಳ್ಳುತ್ತದೆ. ಆದರೆ ಅಂಗೈಯ ಇಷ್ಟಲಿಂಗಕ್ಕಲ್ಲದೆ ಅನ್ಯಕ್ಕೆ ಎರಗೆನೆಂದ ಶರಣರನ್ನೂ ಅವರ ಕಾಲದ ಅನೇಕರು ಉದ್ಧತರೆಂದೇ ಬಗೆದಿರಲಿಲ್ಲವೇ?

ಇನ್ನು ನಮ್ಮ ಮನೆಯ ಮಾತು. ಮಠಗಳು ನಡೆಸುವ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಗೆ ವಚನಗಳನ್ನು ಹಾಡಿಸುವುದುಂಟು. ಆ ಸಾಲಿನಲ್ಲಿ ಮುಸಲ್ಮಾನರ ಅಥವಾ ಕ್ರೈಸ್ತರ ಮಗುವೊಂದು ಕೈಕಟ್ಟಿ ಸುಮ್ಮನೆ ನಿಂತರೆ ನಾವೇನು ಮಾಡುವೆವು? ಸರಕಾರದ ಮನ್ನಣೆ ಅಥವಾ ಧನಸಹಾಯ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಉಪಾಸನೆಗೆ ಒಳಪಡಿಸಬಾರದೆಂದು 28ನೆಯ ವಿಧಿ ಹೇಳಿದೆ. ಅಪ್ರಾಪ್ತ ವಯಸ್ಕರಾದರೆ ಪೋಷಕರ ಒಪ್ಪಿಗೆ ಬೇಕು. ಇದು ಶಾಸನದ ಮಾತಾಯಿತು. ಶಾಸನದ ಭಯಕ್ಕೆ ಸುಮ್ಮನಾಗುವುದು ಭಕ್ತನಿಗೆ ಶೋಭಿಸದು. ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಬಂಧುಗಳೇ, ಆ ಮಗುವನ್ನು ಮುಂದಕ್ಕೆ ಕರೆದು ಹಾಡೆಂದು ಗದರುವ ಉಪಾಧ್ಯಾಯರಿದ್ದರೆ ತಡೆಯತಕ್ಕವರು ನೀವು. ಗಂಟೆ ಬಾರಿಸಿದಾಗ ಆ ಮಗುವೂ ತನ್ನ ಗೆಳೆಯರ ಹೆಗಲಿಗೆ ಹೆಗಲು ತಾಗಿಸಿಕೊಂಡೇ ತರಗತಿಗೆ ಹೋಗಲಿ.