ಒಳಜೇಬಿನ ಹೆಸರು

ಸತ್ತವರ ಬಟ್ಟೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ನಮ್ಮ ಕಡೆಯ ಹಿರಿಯರಿಗೆ ಹಿಡಿಸುವುದಿಲ್ಲ. ಯಾರಿಗಾದರೂ ಕೊಟ್ಟುಬಿಡುತ್ತಾರೆ, ಇಲ್ಲವೇ ಹೊಳೆಗೆ ಬಿಡುತ್ತಾರೆ. ಆ ಬಟ್ಟೆ ಹಿಟ್ಲರನ ಸೈನ್ಯದ ಅಧಿಕಾರಿಯೊಬ್ಬನ ಕೋಟಾಗಿದ್ದರೆ? ಎಂಬತ್ತು ವರ್ಷಗಳ ನಂತರ ದುಡ್ಡು ಕೊಟ್ಟು ಕೊಂಡು, ಚೆನ್ನೈನ ಫ್ಲಾಟೊಂದರಲ್ಲಿ ಎ.ಸಿ. ಹಾಕಿ, ನುಸಿಗುಳಿಗೆ ಇಟ್ಟು ಅದನ್ನು ಕಾಪಾಡುವುದು ತಪ್ಪೇ?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಪರಿಚಿತರೊಬ್ಬರಿಂದ. ನನ್ನಂತೆಯೇ ಸಾಫ್ಟ್‌ವೇರಿನವರು, ಪ್ರಾಜೆಕ್ಟಿಗೆಂದು ಹೋಗಿ ಕೆಲವು ವರ್ಷ ಜರ್ಮನಿಯಲ್ಲಿ ಇದ್ದವರು. ಹಳೆಯ ಜರ್ಮನ್ ಸೇನಾಧಿಕಾರಿಗಳ ಯೂನಿಫಾರಂ ಸಂಗ್ರಹಿಸುವುದು ಅವರ ಹವ್ಯಾಸ. ಮನುಷ್ಯ ಸಾಧು, ಯಾರ ಮೇಲೂ ದ್ವೇಷವಿಲ್ಲ, ಹಿಟ್ಲರನನ್ನು ಹೊಗಳಿದ್ದನ್ನು ನಾನು ಕೇಳಿಲ್ಲ. ಅವರನ್ನು ಸೆಳೆದದ್ದು ಆ ಬಟ್ಟೆಯ ಕಸುಬುಗಾರಿಕೆ. ಭುಜಪಟ್ಟಿಯ ಅಂಚಿನ ಬಣ್ಣ ನೋಡಿ ದಳ ಹೇಳುತ್ತಾರೆ: ಬಿಳಿಯಾದರೆ ಕಾಲಾಳು, ಕೆಂಪಾದರೆ ಫಿರಂಗಿ, ಗುಲಾಬಿಯಾದರೆ ಟ್ಯಾಂಕು. ಹೊಲಿಗೆಯ ಮೇಲೆ ಅಲ್ಟ್ರಾವಯಲೆಟ್ ದೀಪ ಹಿಡಿದು, ದಾರ ಹೊಳೆದರೆ ಯುದ್ಧದ ನಂತರದ್ದಿರಬಹುದೆಂದು ಅನುಮಾನಿಸುತ್ತಾರೆ. ಈ ಬಜಾರಿನಲ್ಲಿ ನಕಲಿ ಮಾಲಿಗೆ ಬರವಿಲ್ಲ.

ಅವರು ಹೇಳಿದ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಸಾಮಾನ್ಯ ಸೈನಿಕನ ಕೋಟು ಸರ್ಕಾರಿ ಉಗ್ರಾಣದ್ದು. ಒಳಗೆ ಅಳತೆಯ ಅಂಕಿಗಳು, ಕಾರ್ಖಾನೆಯ ಮುದ್ರೆ ಇರುತ್ತವೆ. ಅಧಿಕಾರಿಗಳು ಮಾತ್ರ ಭತ್ಯೆ ಪಡೆದು ತಮ್ಮ ದರ್ಜಿಯ ಹತ್ತಿರ ಅಳತೆ ಕೊಟ್ಟು ಹೊಲಿಸಿಕೊಳ್ಳುತ್ತಿದ್ದರು. ಹಾಗೆ ಹೊಲಿದ ಕೋಟುಗಳ ಒಳಜೇಬಿನಲ್ಲಿ ಎಷ್ಟೋ ಸಲ ಒಂದು ಚೀಟಿ ಸಿಗುತ್ತದೆ. ಅದರಲ್ಲಿ ದರ್ಜಿಯ ಅಂಗಡಿಯ ಹೆಸರು, ಹೊಲಿದ ತಾರೀಖು, ತೊಟ್ಟವನ ಹೆಸರು ಇರುತ್ತವೆ. ಚೀಟಿ ಉಳಿದಿದ್ದರೆ ಕೋಟಿನ ಬೆಲೆ ಏರುತ್ತದೆ. ಹುದ್ದೆ ದೊಡ್ಡದಾದಷ್ಟೂ ಇನ್ನೂ ಏರುತ್ತದೆ.

ನನ್ನ ವಾದವೆಲ್ಲ ಈ ಚೀಟಿಯ ಸುತ್ತಲೇ ಇದೆ. ಅದಕ್ಕೆ ಮೊದಲು, ಇಂಥ ಸಂಗ್ರಹದ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಎರಡು ಸಮರ್ಥನೆಗಳನ್ನು ನೋಡೋಣ.

ಮೊದಲನೆಯದು, ಬಟ್ಟೆ ಬರೀ ಬಟ್ಟೆ, ಪಾಪ ಮಾಡಿದವನು ಮನುಷ್ಯ, ಉಣ್ಣೆಗೇನು ಗೊತ್ತು ಎನ್ನುವುದು. ಕರಾವಳಿಯವನಾದ ನನಗೆ ಈ ಮಾತು ಬೇಗ ಅರ್ಥವಾಗುತ್ತದೆ. ಯಕ್ಷಗಾನದ ಚೌಕಿಯಲ್ಲಿ ರಾಕ್ಷಸ ವೇಷ ಕಟ್ಟಿದವರು ರಾತ್ರಿಯಿಡೀ ಅಬ್ಬರಿಸಿ, ಬೆಳಗಾಗುತ್ತಲೇ ಬಣ್ಣ ಒರೆಸಿಕೊಂಡು ಚಹಾ ಕುಡಿಯುತ್ತಾರೆ. ಆ ಕಿರೀಟದ ಮೇಲೆ ಯಾರಿಗೂ ಸಿಟ್ಟಿಲ್ಲ. ಆದರೆ ರಂಗದಲ್ಲಿ ಸತ್ತವನೂ ಬೆಳಗ್ಗೆ ಎದ್ದು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಾನೆ ಎನ್ನುವುದನ್ನು ಮರೆಯಬಾರದು. ಯೂನಿಫಾರಂ ವೇಷವಾಗುವುದು ಅಂಥ ಕಡೆ ಮಾತ್ರ. ಉಳಿದ ಕಡೆ ಅದೊಂದು ಉಪಕರಣ.

ಎಂಥ ಉಪಕರಣ ಎನ್ನುವುದನ್ನು ವಿಲ್ಹೆಲ್ಮ್ ಫೋಯ್ಗ್ಟ್ ಎಂಬ ಬಡ ಚಮ್ಮಾರ 1906ರ ಅಕ್ಟೋಬರ್ 16ರಂದು ಇಡೀ ಜರ್ಮನಿಗೆ ತೋರಿಸಿಕೊಟ್ಟ. ಹಳೆಯ ಬಟ್ಟೆಯ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಕೊಂಡ ಕ್ಯಾಪ್ಟನ್ ಯೂನಿಫಾರಂ ತೊಟ್ಟು, ಬೀದಿಯಲ್ಲಿ ಹೋಗುತ್ತಿದ್ದ ಸೈನಿಕರನ್ನು ತಡೆದು ತನ್ನ ಜತೆ ಬರಲು ಆಜ್ಞೆ ಮಾಡಿದ. ಅವರು ಒಂದು ಮಾತೂ ಕೇಳದೆ ಹಿಂಬಾಲಿಸಿದರು. ಬರ್ಲಿನ್ ಹೊರವಲಯದ ಕೊಪೆನಿಕ್ ಪುರಸಭೆಗೆ ಹೋಗಿ, ಮೇಯರನ್ನು ಬಂಧಿಸಿ, ಖಜಾನೆಯ ದುಡ್ಡು ಬಾಚಿಕೊಂಡು ನಡೆದ. ಮುಖ ನೋಡಿ ಮಣೆ ಹಾಕು ಎನ್ನುತ್ತೇವಲ್ಲ, ಅಲ್ಲಿ ಮುಖವನ್ನು ಯಾರೂ ನೋಡಲೇ ಇಲ್ಲ. ಜರ್ಮನಿ ನಕ್ಕಿತು, 1908ರಲ್ಲಿ ಚಕ್ರವರ್ತಿಯೇ ಅವನಿಗೆ ಕ್ಷಮೆ ಕೊಟ್ಟ. ಆದರೆ ಬಟ್ಟೆ ಹೇಳಿದ್ದನ್ನು ಪ್ರಶ್ನೆ ಕೇಳದೆ ಮಾಡುವ ಆ ಅಭ್ಯಾಸ ಮುಂದೆ ನಗುವ ವಿಷಯವಾಗಿ ಉಳಿಯಲಿಲ್ಲ.

ಹಾಗಾಗಿ ಆ ಕೋಟಿನ ಚೆಂದ ಅದರ ಕೆಲಸದಿಂದ ಬೇರೆಯಲ್ಲ. ಎತ್ತರದ ಕಾಲರು, ಬಿಗಿದ ಸೊಂಟ, ಬೆಳ್ಳಿದಾರದ ಪಟ್ಟಿಗಳು ತೊಟ್ಟವನಿಗೆ ಧೈರ್ಯವನ್ನೂ ನೋಡಿದವನಿಗೆ ಅಂಜಿಕೆಯನ್ನೂ ಹುಟ್ಟಿಸಬೇಕೆಂದೇ ಹಾಗಿದ್ದವು. ಹೊಲಿದ ಕೈಗಳ ಕಥೆಯೂ ಇದೆ. ಮೆಟ್ಸಿಂಗನ್ ಊರಿನ ಹ್ಯೂಗೋ ಬಾಸ್ ಕಾರ್ಖಾನೆ ನಾಜಿಗಳಿಗೆ ಯೂನಿಫಾರಂ ಹೊಲಿಯುತ್ತಿತ್ತು. ಯುದ್ಧಕಾಲದಲ್ಲಿ ಅಲ್ಲಿ ಬಲವಂತದ ದುಡಿಮೆಗೆ ಹಾಕಿದವರು ಸುಮಾರು 140 ಮಂದಿ, ಹೆಚ್ಚಿನವರು ಹೆಂಗಸರು; ಅವರ ಜತೆ 40 ಫ್ರೆಂಚ್ ಯುದ್ಧಕೈದಿಗಳು. ಕಂಪನಿ 2011ರಲ್ಲಿ ಇದಕ್ಕೆ ವಿಷಾದ ಸೂಚಿಸಿತು. ನೇರವಾದ ಹೊಲಿಗೆ ಎಂದು ನಾವು ಮೆಚ್ಚುವಾಗ ಯಾರ ಬೆರಳನ್ನು ಮೆಚ್ಚುತ್ತಿದ್ದೇವೆ ಎನ್ನುವುದೂ ನೆನಪಿರಬೇಕು.

ಎರಡನೆಯ ಸಮರ್ಥನೆ ಹೆಚ್ಚು ಗಟ್ಟಿ: ಇದು ಇತಿಹಾಸ, ಯಾರಾದರೂ ಉಳಿಸಬೇಕು. ಒಪ್ಪುತ್ತೇನೆ. ಆದರೆ ಯಾವ ಇತಿಹಾಸ? ಸಂಗ್ರಾಹಕರಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ಎಸ್‌ಎಸ್‌ನವರು ಕಟುಕರು, ಸೈನ್ಯದವರು ಬರೀ ಯುದ್ಧ ಮಾಡಿದರು, ನನ್ನಲ್ಲಿರುವುದು ಸೈನ್ಯದ್ದು ಮಾತ್ರ. ಜರ್ಮನ್ನರೂ ಬಹಳ ಕಾಲ ಹೀಗೇ ನಂಬಿದ್ದರು. 1995ರಲ್ಲಿ ಹ್ಯಾಂಬರ್ಗಿನ ಸಂಶೋಧನಾ ಸಂಸ್ಥೆಯೊಂದು ಸೈನ್ಯದ ಅಪರಾಧಗಳ ಪ್ರದರ್ಶನ ಏರ್ಪಡಿಸಿದಾಗ ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಕೆಲವು ಫೋಟೋಗಳ ವಿವರಣೆ ತಪ್ಪೆಂದು ತಿಳಿದು ಅದನ್ನು 1999ರಲ್ಲಿ ನಿಲ್ಲಿಸಿದರು, ತಿದ್ದಿ 2001ರಲ್ಲಿ ಮತ್ತೆ ತೆರೆದರು. ಮೂಲ ಮಾತು ಬದಲಾಗಲಿಲ್ಲ. ಜರ್ಮನ್ನರ ಕೈಗೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ಹಸಿವು, ಚಳಿ, ಗುಂಡಿಗೆ ಸತ್ತರು. ಆ ಶಿಬಿರಗಳಲ್ಲಿ ಬಹಳಷ್ಟನ್ನು ನಡೆಸುತ್ತಿದ್ದದ್ದು ಸೈನ್ಯವೇ.

ಈಗ ಚೀಟಿಗೆ ಬರುತ್ತೇನೆ. ನಮ್ಮ ಕೆಲಸದಲ್ಲಿ ಏನಾದರೂ ಎಡವಟ್ಟಾದರೆ ಮೊದಲು ಏಳುವ ಪ್ರಶ್ನೆ, ಇದಕ್ಕೆ ಅಪ್ರೂವಲ್ ಕೊಟ್ಟವರು ಯಾರು ಎನ್ನುವುದು. ಹುದ್ದೆ ಎಂದರೆ ಅದೇ. ಸಂಬಳ ಹೆಚ್ಚು, ಕುರ್ಚಿ ದೊಡ್ಡದು, ಕೊನೆಗೆ ಸಹಿ ನಮ್ಮದು. ಮೇಜರನ ಕೋಟು ಜವಾನನ ಕೋಟಿಗಿಂತ ದುಬಾರಿಯಾಗುವುದು ಅವನು ಮೇಜರ್ ಆಗಿದ್ದ ಎಂಬ ಒಂದೇ ಕಾರಣಕ್ಕೆ. ಅವನು ಮೇಜರ್ ಆಗಿದ್ದ ಎಂದರೆ ನೂರಾರು ಜನ ಅವನ ಮಾತಿಗೆ ನಡೆಯುತ್ತಿದ್ದರು ಎಂದರ್ಥ. ಬಜಾರು ಹುದ್ದೆಯ ಘನತೆಗೆ ಬೆಲೆ ಕಟ್ಟಿ, ಹುದ್ದೆಯ ಹೊಣೆಯನ್ನು ಪುಕ್ಕಟೆ ಬಿಟ್ಟುಬಿಡುತ್ತದೆ. ಹೆಚ್ಚು ದುಡ್ಡು ಕೊಟ್ಟು ಅಧಿಕಾರಿಯ ಕೋಟನ್ನೇ ಆರಿಸಿಕೊಂಡವನು ಆ ಅಧಿಕಾರಿ ಏನು ಮಾಡಿದ ಎಂದು ಕೇಳುವ ಹೊಣೆಯನ್ನೂ ಕೊಂಡಿರುತ್ತಾನೆ. ಅದನ್ನು ಕೇಳದೆ ಇಟ್ಟುಕೊಂಡರೆ ಅದು ಸಂಗ್ರಹವಲ್ಲ, ತೊಟ್ಟುಕೊಂಡ ಹಾಗೆಯೇ.

ಕೇಳಿದರೆ ಸಿಗುವ ಉತ್ತರ ಯಾವಾಗಲೂ ಒಂದೇ ಆಗಿರುವುದಿಲ್ಲ. ಇದಕ್ಕೆ ಸಾಕ್ಷಿ ಚೆನ್ನೈನಲ್ಲೇ ಇದೆ. 1914ರ ಸೆಪ್ಟೆಂಬರ್ 22ರ ರಾತ್ರಿ ‘ಎಮ್ಡನ್’ ಎಂಬ ಜರ್ಮನ್ ಯುದ್ಧನೌಕೆ ಮದ್ರಾಸಿನ ಎದುರು ನಿಂತು ಸುಮಾರು 130 ಗುಂಡು ಹಾರಿಸಿತು. ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳು ಹೊತ್ತಿ ಉರಿದವು. ಸಾವಿರಾರು ಜನ ಊರು ಬಿಟ್ಟರು. ಹೈಕೋರ್ಟಿನ ಕಾಂಪೌಂಡಿನ ಬಳಿ ಅದರ ನೆನಪಿನ ಫಲಕ ಈಗಲೂ ಇದೆ. ‘ಎಮ್ಡನ್’ ಎಂಬುದು ತಮಿಳಿನಲ್ಲಿ ಒಂದು ಪದವೇ ಆಗಿ ಉಳಿಯಿತು. ಮಹಾ ಚಾಲಾಕಿ, ಕೈಗೆ ಸಿಗದ ಭಯಂಕರ ಮನುಷ್ಯನಿಗೆ ಹಾಗೆನ್ನುತ್ತಾರೆ.

ಅದರ ಕ್ಯಾಪ್ಟನ್ ಕಾರ್ಲ್ ಫಾನ್ ಮ್ಯುಲ್ಲರ್. ಹಿಡಿದ ವ್ಯಾಪಾರಿ ಹಡಗುಗಳ ಜನರನ್ನು ಇಳಿಸಿಕೊಂಡ ಮೇಲೆಯೇ ಹಡಗು ಮುಳುಗಿಸುತ್ತಿದ್ದ, ಕೈದಿಗಳನ್ನು ಗೌರವದಿಂದ ಕಾಣುತ್ತಿದ್ದ. ಅವನ ಶತ್ರುಗಳಾದ ಬ್ರಿಟಿಷರ ಪತ್ರಿಕೆಗಳೇ ಹೊಗಳಿದವು. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಹತ್ತಿರ ಆಸ್ಟ್ರೇಲಿಯಾದ ‘ಸಿಡ್ನಿ’ ನೌಕೆ ಎಮ್ಡನ್ನನ್ನು ಹೊಡೆದು ಹಾಕಿತು. ಬದುಕಿ ಉಳಿದವರಿಗೆ ಮುಂದೆ ತಮ್ಮ ಮನೆತನದ ಹೆಸರಿನ ಜತೆ ‘ಎಮ್ಡನ್’ ಎಂದು ಸೇರಿಸಿಕೊಳ್ಳುವ ಅನುಮತಿ ಸಿಕ್ಕಿತು. ಮ್ಯುಲ್ಲರನ ಕೋಟು ಸಿಕ್ಕರೆ ನಾನೂ ನಿಂತು ನೋಡುತ್ತೇನೆ. ಆದರೆ ಅಂದು ರಾತ್ರಿ ಬಂದರಿನಲ್ಲಿ ಗುಂಡಿಗೆ ಸಿಕ್ಕಿ ಕೆಲವರು ಸತ್ತರು. ಹಡಗಿನ ಹೆಸರು ಊರಿನ ಬಾಯಲ್ಲಿ ನೂರು ವರ್ಷ ಉಳಿಯಿತು, ಸತ್ತವರ ಹೆಸರು ಉಳಿಯಲಿಲ್ಲ. ಒಳ್ಳೆಯ ಅಧಿಕಾರಿಯ ಕಥೆಯಲ್ಲೂ ಈ ಲೆಕ್ಕ ಬಾಕಿ ಇರುತ್ತದೆ.

ಇನ್ನೂ ಕಷ್ಟದ ಪ್ರಶ್ನೆ ನಮ್ಮವರೇ ತೊಟ್ಟ ಜರ್ಮನ್ ಯೂನಿಫಾರಂದು. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದ ಸುಭಾಷರು ಜರ್ಮನಿಯಲ್ಲಿ ಒಂದು ಪಡೆ ಕಟ್ಟಿದರು. ತೋಳಿನ ಮೇಲೆ ತ್ರಿವರ್ಣ, ಅದರಲ್ಲಿ ನೆಗೆಯುವ ಹುಲಿ, ಮೇಲೆ ಜರ್ಮನ್ ಭಾಷೆಯಲ್ಲಿ ಸ್ವತಂತ್ರ ಭಾರತ ಎಂದು. ಸಂಗ್ರಾಹಕರಿಗೆ ಆ ಪಟ್ಟಿ ಎಂದರೆ ಪ್ರಾಣ. ಸುಭಾಷರು 1943ರ ಫೆಬ್ರವರಿಯಲ್ಲಿ ಸಬ್‌ಮರೀನ್ ಹತ್ತಿ ಪೂರ್ವಕ್ಕೆ ಹೊರಟರು, ಪಡೆ ಅಲ್ಲೇ ಉಳಿಯಿತು. 1944ರ ಆಗಸ್ಟಿನಲ್ಲಿ ಅದನ್ನು ವಾಫೆನ್ ಎಸ್‌ಎಸ್‌ಗೆ ಸೇರಿಸಿದರು. ಒಂದೇ ತೋಳಿನಲ್ಲಿ ನಮ್ಮ ಸ್ವಾತಂತ್ರ್ಯದ ಆಸೆಯೂ ಇದೆ, ಯುರೋಪಿನ ಅತಿ ಕೆಟ್ಟ ಸಂಸ್ಥೆಯ ಸಹವಾಸವೂ ಇದೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವನು ದೇಶಭಕ್ತನೂ ಅಲ್ಲ, ಇತಿಹಾಸಕಾರನೂ ಅಲ್ಲ.

ಇದನ್ನೆಲ್ಲ ಹೇಳುವುದು ನಮಗೆ ಮುಖ್ಯ, ಯಾಕೆಂದರೆ ನಮಗೆ ಆ ನೋವು ದೂರದ್ದು. ಹಿಟ್ಲರನ ಆತ್ಮಕಥೆ ನಮ್ಮ ಪುಸ್ತಕದಂಗಡಿಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕ ಕೂತಿರುತ್ತದೆ. 2012ರಲ್ಲಿ ಅಹಮದಾಬಾದಿನಲ್ಲಿ ಒಂದು ಬಟ್ಟೆ ಅಂಗಡಿಗೇ ಅವನ ಹೆಸರಿಟ್ಟಿದ್ದರು. ಜರ್ಮನಿಯಲ್ಲಿ ದಂಡಸಂಹಿತೆಯ 86ಎ ಕಲಮು ಆ ಚಿಹ್ನೆಗಳ ಪ್ರದರ್ಶನವನ್ನು ನಿಷೇಧಿಸಿ, ಸಂಶೋಧನೆ, ಬೋಧನೆ, ಕಲೆಯಂಥ ಉದ್ದೇಶಗಳಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ಹಾಗಾಗಿ ಆ ಗೆರೆಯನ್ನು ನಾವೇ ಎಳೆದುಕೊಳ್ಳಬೇಕು.

ಪರಿಚಿತರಿಗೆ ನಾನು ಒಂದು ಪರೀಕ್ಷೆ ಹೇಳಿದೆ. ಲಂಡನ್ನಿನ ಯಾರದೋ ಮನೆಯ ಗಾಜಿನ ಕಪಾಟಿನಲ್ಲಿ, 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಡಯರ್ ತೊಟ್ಟಿದ್ದ ಕೋಟು ಇದೆ ಎಂದುಕೊಳ್ಳಿ. ಮನೆಯವರು ಅದರ ಗುಂಡಿಗಳನ್ನೂ ಖಾಕಿಯ ಛಾಯೆಯನ್ನೂ ವರ್ಣಿಸಿ ಸುಮ್ಮನಾದರೆ ನಮಗೆ ಹೇಗನ್ನಿಸುತ್ತದೆ? ಅದೇ ಮನೆಯವರು, ಇವನು ಇಂಥವನು, ಅಂದು ಇಂಥ ಆಜ್ಞೆ ಕೊಟ್ಟ, ಸರ್ಕಾರಿ ಲೆಕ್ಕದಲ್ಲೇ 379 ಜನ ಸತ್ತರು ಎಂದು ಮೊದಲು ಹೇಳಿದರೆ? ಕೋಟು ಅದೇ, ಕಪಾಟು ಅದೇ. ಮೊದಲನೆಯ ಮನೆಯಿಂದ ನಾವು ಎದ್ದು ಬರುತ್ತೇವೆ, ಎರಡನೆಯ ಮನೆಯಲ್ಲಿ ಕೂರುತ್ತೇವೆ. ನಿಮ್ಮ ಮನೆಗೆ ಆ ಶಿಬಿರಗಳಲ್ಲಿ ಸತ್ತವರೊಬ್ಬರ ಮೊಮ್ಮಗಳು ಬಂದರೆ ಕೂರುವಂತಿರಬೇಕು, ಇಷ್ಟೇ ನನ್ನ ಮಾತು ಎಂದೆ.

ಅವರು ಸಿಟ್ಟಾಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ಚೀಟಿಯಲ್ಲಿ ಹೆಸರೇ ಇಲ್ಲದಿದ್ದರೆ? ದರ್ಜಿಯೋ, ತೊಟ್ಟವನೋ, ಮಾರಿದವನೋ ಅದನ್ನು ಕಿತ್ತು ತೆಗೆದ ಕೋಟುಗಳೂ ಬಹಳ ಇವೆ. ನ್ಯಾಯವಾದ ಪ್ರಶ್ನೆ. ಹೆಸರಿಲ್ಲದ ಕೋಟಿನ ಬಗ್ಗೆ ದಳ, ವರ್ಷ, ಆ ದಳ ಆ ವರ್ಷ ಎಲ್ಲಿತ್ತು, ಅಲ್ಲಿ ಏನು ನಡೆಯಿತು ಎಂಬಷ್ಟನ್ನಾದರೂ ತಿಳಿಯಬಹುದು. ಅದೂ ಆಗದಿದ್ದರೆ ಅದನ್ನು ಗಾಜಿನ ಹಿಂದೆ ದೀಪ ಹಾಕಿ ನಿಲ್ಲಿಸಬೇಕಾಗಿಲ್ಲ, ಪೆಟ್ಟಿಗೆಯಲ್ಲಿ ಮಡಚಿಡಬಹುದು.

ಸಂಗ್ರಾಹಕರೂ ಒಂದು ದಿನ ಹೋಗುತ್ತಾರೆ. ಮಕ್ಕಳು ಅಮೆರಿಕದಿಂದ ಬಂದು ಮನೆ ಖಾಲಿ ಮಾಡುತ್ತಾರೆ, ಕೋಟು ಮತ್ತೆ ವ್ಯಾಪಾರಿಯ ಕೈಗೆ ಹೋಗುತ್ತದೆ. ಅಲ್ಲಿಯವರೆಗೆ ಕಂಡುಕೊಂಡದ್ದೆಲ್ಲ ಅವರ ತಲೆಯಲ್ಲೋ ಲ್ಯಾಪ್‌ಟಾಪಿನಲ್ಲೋ ಇದ್ದರೆ ಉಳಿಯುವುದು ಬಟ್ಟೆಯ ಚೆಂದ ಮಾತ್ರ, ಮುಂದೆ ಕೊಂಡವನು ಮತ್ತೆ ಮೊದಲಿನಿಂದ ಮೋಹಗೊಳ್ಳುತ್ತಾನೆ. ಅದಕ್ಕೇ ತಿಳಿದದ್ದನ್ನು ಒಂದು ಹಾಳೆಯಲ್ಲಿ ಬರೆದು, ದರ್ಜಿಯ ಚೀಟಿ ಇರುವ ಅದೇ ಒಳಜೇಬಿನಲ್ಲಿ ಇಡಬೇಕು. ತೊಟ್ಟವನ ಹೆಸರಿನ ಪಕ್ಕ ಅವನು ಮಾಡಿದ್ದೂ ಇರಲಿ. ಗೊತ್ತಾದರೆ, ಅವನ ಮಾತಿಗೆ ಸತ್ತವರ ಹೆಸರೂ ಇರಲಿ.