ಕೈ ಸಡಿಲಿಸಿದಾಗ



ನಿಮ್ಮಲ್ಲಿ ಅನೇಕರು ವಿಮಾನದಲ್ಲಿ ಪ್ರಯಾಣಿಸಿರಬಹುದು. ಹಜ್ಜ್ ಅಥವಾ ಉಮ್ರಾಕ್ಕಾಗಿ, ಇಲ್ಲವೇ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುವ ಮಗನನ್ನೋ ಪತಿಯನ್ನೋ ಕಾಣಲಿಕ್ಕಾಗಿ. ವಿಮಾನ ನೆಲ ಬಿಡುವಾಗ ನಮ್ಮ ನಾಲಗೆಯಲ್ಲಿ ದುಆ ಇರುತ್ತದೆ. ಕೈಗಳು ಆಸನದ ತೋಳನ್ನು ಬಿಗಿಯಾಗಿ ಹಿಡಿದಿರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸಮತಟ್ಟಾಗುತ್ತದೆ. ಬೆಲ್ಟಿನ ದೀಪ ಆರುತ್ತದೆ, ಊಟದ ಗಾಡಿ ಬರುತ್ತದೆ, ದುಆ ನಿಂತುಹೋಗುತ್ತದೆ. ಏರುವುದು ಕಷ್ಟ, ಇಳಿಯುವುದು ಕಷ್ಟ, ಆದರೆ ನಡುವೆ ನೇರವಾಗಿ ಸಾಗುವುದರಲ್ಲಿ ಏನಿದೆ ಎಂದು ನಾವು ತಿಳಿಯುತ್ತೇವೆ. ಕಳೆದ ಬೇಸಿಗೆ ರಜೆಯ ತನಕ ನಾನೂ ಹಾಗೆಯೇ ತಿಳಿದಿದ್ದೆ.

ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಕಲಿಯುತ್ತಿರುವ ನನ್ನ ಮಗ ಆ ರಜೆಗೆ ಬಂದಾಗ ಕಂಪ್ಯೂಟರಿನ ಜೊತೆಗೆ ಒಂದು ಜಾಯ್‌ಸ್ಟಿಕ್ಕನ್ನೂ ತಂದಿದ್ದ. ಮೇಜಿನ ಮೇಲೆ ಅದನ್ನಿಟ್ಟು ತೆರೆಯ ಮೇಲೆ ವಿಮಾನ ಹಾರಿಸುತ್ತಿದ್ದ. ಈ ವಯಸ್ಸಿನಲ್ಲೂ ಆಟವೇ ಎಂದು ನಾನು ಮುಖ ಸಿಂಡರಿಸಿದೆ. ಅವನು ವಾದಿಸಲಿಲ್ಲ. ಇದು ಆಟವಾಗಿ ಹುಟ್ಟಿದ್ದಲ್ಲ ಎಂದು ಹೇಳಿ ಒಂದು ಸಂಗತಿ ತಿಳಿಸಿದ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬವರು, ತಮ್ಮ ತಂದೆಯ ಕಾರ್ಖಾನೆಯಲ್ಲಿ ಆರ್ಗನ್ ವಾದ್ಯಗಳಿಗೆ ಬಳಸುತ್ತಿದ್ದ ತಿದಿಗಳನ್ನೇ ಉಪಯೋಗಿಸಿ, ನೆಲದ ಮೇಲೆಯೇ ಓಲಾಡುವ ಒಂದು ಪುಟ್ಟ ವಿಮಾನವನ್ನು ನಿರ್ಮಿಸಿದರು. ಕೆಲವು ವರ್ಷ ಯಾರೂ ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. 1934ರಲ್ಲಿ ಅಂಚೆ ಸಾಗಿಸುವ ಹೊಣೆ ಹೊತ್ತ ಅಮೆರಿಕದ ಸೇನೆಯು ಕೆಟ್ಟ ಹವೆಯಲ್ಲಿ ಹಲವು ಪೈಲಟರನ್ನು ಕಳೆದುಕೊಂಡಿತು. ಆ ಬಳಿಕವೇ ಅಂತಹ ಆರು ಯಂತ್ರಗಳನ್ನು ಖರೀದಿಸಿತು. ಜೀವ ಹೋದ ಮೇಲೆ ಕಲಿಯುವುದಕ್ಕಿಂತ ನೆಲದ ಮೇಲೆ ತಪ್ಪು ಮಾಡಿ ಕಲಿಯುವುದು ಮೇಲು ಎಂಬುದು ಅಂದು ಅವರಿಗೆ ಅರಿವಾಯಿತು. ಇಂದು ಅದೇ ವಿದ್ಯೆ ಮನೆಯ ಮೇಜಿನ ಮೇಲೆ ಬಂದು ಕೂತಿದೆ.

"ಒಮ್ಮೆ ನೀವೇ ಹಿಡಿದು ನೋಡಿ ಅಬ್ಬಾ. ಬೇರೇನೂ ಬೇಡ, ಮೂರು ಸಾವಿರ ಅಡಿಯಲ್ಲಿ ನೇರವಾಗಿ ಹೋಗಿ, ಸಾಕು" ಎಂದ. ಅದು ಸೆಸ್ನಾ 172 ಎಂಬ, ನಾಲ್ಕು ಜನ ಕೂರುವ ಒಂದೇ ಇಂಜಿನಿನ ವಿಮಾನ. ಜಗತ್ತಿನಾದ್ಯಂತ ಅಸಂಖ್ಯ ಪೈಲಟರು ಮೊದಲ ಪಾಠ ಕಲಿತದ್ದು ಅದರಲ್ಲೇ ಎಂದು ಆಮೇಲೆ ತಿಳಿಯಿತು.

ಸಹೋದರರೇ, ಹತ್ತು ನಿಮಿಷದಲ್ಲಿ ನನ್ನ ಅಂಗಿ ಬೆವರಿನಿಂದ ಒದ್ದೆಯಾಯಿತು. ಎತ್ತರದ ಮುಳ್ಳು ಮೂರು ಸಾವಿರ ದಾಟಿ ಮೇಲೆ ಹೋಗುತ್ತದೆ, ನಾನು ಕೋಲನ್ನು ಮುಂದಕ್ಕೆ ತಳ್ಳುತ್ತೇನೆ. ಮುಳ್ಳು ಕದಲುವುದಿಲ್ಲ, ಇನ್ನಷ್ಟು ತಳ್ಳುತ್ತೇನೆ. ಈಗ ವಿಮಾನ ಕೆಳಗೆ ನುಗ್ಗುತ್ತದೆ. ಗಾಬರಿಯಿಂದ ಎಳೆಯುತ್ತೇನೆ, ಅದು ಮೊದಲಿಗಿಂತ ಹೆಚ್ಚು ಮೇಲಕ್ಕೇರುತ್ತದೆ. ಮಗ ನಕ್ಕ. "ನೀವು ಮುಳ್ಳಿನ ಹಿಂದೆ ಓಡುತ್ತಿದ್ದೀರಿ. ಏರಿಳಿತ ತೋರಿಸುವ ಮುಳ್ಳು ಕೆಲವು ಸೆಕೆಂಡು ತಡವಾಗಿ ಮಾತನಾಡುತ್ತದೆ. ಅದು ಹೇಳುವುದು ಆಗಿಹೋದ ಮಾತು. ಹೊರಗೆ ದಿಗಂತ ನೋಡಿ. ಮೂಗು ದಿಗಂತಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟರಲ್ಲೇ ನಿಲ್ಲಿಸಿ, ಒಂಚೂರು ಕಾಯಿರಿ."

ಈ ಮಾತಿನಲ್ಲಿ ನಮಗೆ ದೊಡ್ಡ ಪಾಠವಿದೆ. ನಮ್ಮಲ್ಲಿ ಎಷ್ಟು ಮಂದಿ ತಮ್ಮ ಈಮಾನನ್ನು ಹೀಗೆ ಮುಳ್ಳು ನೋಡಿ ನಡೆಸುತ್ತಿದ್ದಾರೆ! ರಮಝಾನ್ ಬಂತೆಂದರೆ ಇಡೀ ರಾತ್ರಿ ಮಸೀದಿಯಲ್ಲಿ, ಶವ್ವಾಲ್ ಬಂತೆಂದರೆ ಮಸೀದಿಯ ದಾರಿಯೇ ಮರೆತಿರುತ್ತದೆ. ಒಂದು ಪ್ರವಚನ ಕೇಳಿ ಮನೆಯ ಟಿ.ವಿ. ಹೊರಗೆ ಹಾಕುತ್ತಾರೆ, ತಿಂಗಳು ಕಳೆಯುವ ಮೊದಲು ಅದಕ್ಕಿಂತ ದೊಡ್ಡದನ್ನು ತರುತ್ತಾರೆ. ಪ್ರವಾದಿವರ್ಯರು(ಸ) ಈ ಧರ್ಮವು ಸರಳವಾದುದೆಂದೂ, ಇದರೊಂದಿಗೆ ಸೆಣಸಲು ಹೋದವನನ್ನು ಇದು ಸೋಲಿಸಿಬಿಡುತ್ತದೆಂದೂ ತಿಳಿಸಿರುವರು. ನೇರಕ್ಕೆ ಗುರಿಯಿಡಬೇಕು, ಪೂರ್ಣ ನೇರ ಸಾಧ್ಯವಾಗದಿದ್ದರೆ ಅದರ ಹತ್ತಿರವಾದರೂ ಇರಬೇಕೆಂಬುದು ಅವರ(ಸ) ಬೋಧನೆಯ ಸಾರ. ಬುಖಾರಿಯಲ್ಲಿ ಈ ಹದೀಸ್ ಇದೆ. ಗುರಿಯನ್ನು ದಿಗಂತದ ಮೇಲಿಡಬೇಕು, ಮುಳ್ಳಿನ ಮೇಲಲ್ಲ.

ಇರಲಿ. ಅರ್ಧ ಗಂಟೆಯಲ್ಲಿ ಹೇಗೋ ವಿಮಾನವನ್ನು ಮೂರು ಸಾವಿರ ಅಡಿಯ ಆಸುಪಾಸಿನಲ್ಲಿ ನಿಲ್ಲಿಸಿದೆ. ನನಗೆ ಹೆಮ್ಮೆಯಾಯಿತು. "ಈಗ ಕೈ ಬಿಡಿ" ಎಂದ ಮಗ. ಬಿಟ್ಟೆ. ಮರುಕ್ಷಣವೇ ವಿಮಾನ ಮೂಗು ಕೆಳಗೆ ಮಾಡಿ ನೆಲದತ್ತ ಹೊರಟಿತು.

"ನೀವು ಹಿಡಿದುಕೊಂಡದ್ದು ಅಷ್ಟೇ ಅಬ್ಬಾ. ಟ್ರಿಮ್ ಮಾಡಲೇ ಇಲ್ಲ."

ಟ್ರಿಮ್ ಎಂದರೇನು? ವಿಮಾನದ ಬಾಲದಲ್ಲಿರುವ ಅಡ್ಡ ರೆಕ್ಕೆಯ ಹಿಂಬದಿಯ ಭಾಗವು ಮೇಲೆ ಕೆಳಗೆ ಆಡುತ್ತದೆ. ಪೈಲಟನ ಕೈ ಅದನ್ನು ಆಡಿಸಿದಾಗ ಮೂಗು ಏರುತ್ತದೆ ಅಥವಾ ಇಳಿಯುತ್ತದೆ. ಸೆಸ್ನಾದಲ್ಲಿ ಆ ಭಾಗದ ಅಂಚಿಗೆ ಮತ್ತೊಂದು ಸಣ್ಣ ಪಟ್ಟಿ ಜೋಡಿಸಿರುತ್ತಾರೆ. ಪೈಲಟನ ಮುಂದೆ ಇಂಜಿನಿನ ಹಿಡಿಯ ಕೆಳಗೆ ಇರುವ ಒಂದು ಚಕ್ರವನ್ನು ತಿರುಗಿಸಿದರೆ ಈ ಪಟ್ಟಿ ಒಂದಿಷ್ಟು ಬಾಗುತ್ತದೆ. ಆಗ ಎದುರಾಗುವ ಗಾಳಿಯೇ ಆ ಪಟ್ಟಿಯನ್ನು ಒತ್ತಿ, ಪೈಲಟನು ಕೈಯಿಂದ ಹಿಡಿದಿದ್ದ ಭಾರವನ್ನು ತಾನು ಹೊರುತ್ತದೆ. ಸಿಮ್ಯುಲೇಟರಿನಲ್ಲಾದರೆ ಕೀಬೋರ್ಡಿನ ಬಲಬದಿಯ ಅಂಕಿಗಳಲ್ಲಿ 1 ಒತ್ತಿದರೆ ಮೂಗು ಮೇಲೆ, 7 ಒತ್ತಿದರೆ ಕೆಳಗೆ.

ಇದಕ್ಕೊಂದು ಕ್ರಮವಿದೆ. ಮೊದಲು ಕೈಯಿಂದಲೇ ಮೂಗನ್ನು ಸರಿಯಾದ ಜಾಗದಲ್ಲಿ ಹಿಡಿಯಬೇಕು. ನಂತರ ಇಂಜಿನಿನ ಶಕ್ತಿಯನ್ನು ನಿಗದಿಪಡಿಸಿ, ವೇಗ ಒಂದು ಹಂತಕ್ಕೆ ಬರುವ ತನಕ ಕಾಯಬೇಕು. ಆಮೇಲಷ್ಟೇ ಟ್ರಿಮ್. ಮೇಜಿನ ಮೇಲಿನ ಕೋಲಿಗೆ ಸ್ಪ್ರಿಂಗ್ ಇರುವುದರಿಂದ ನಿಜವಾದ ವಿಮಾನದ ಭಾರ ಕೈಗೆ ತಿಳಿಯುವುದಿಲ್ಲ. ಆದ್ದರಿಂದ ಇಲ್ಲಿ ಇನ್ನೂ ತಾಳ್ಮೆ ಬೇಕು. ಸ್ವಲ್ಪ ಟ್ರಿಮ್ ಮಾಡಿ ಕೋಲನ್ನು ಕೂದಲೆಳೆಯಷ್ಟು ನಡುವಿಗೆ ಬಿಡುವುದು, ಮೂಗು ಕದಲಿತೇ ನೋಡುವುದು, ಮತ್ತೆ ಸ್ವಲ್ಪ. ಕೊನೆಗೆ ಕೋಲು ತನ್ನ ಜಾಗದಲ್ಲಿ ನಿಂತಿರುತ್ತದೆ, ಕೈ ತೆಗೆದರೂ ವಿಮಾನ ಬೀಳುವುದಿಲ್ಲ. ಅವಸರದವರು ಮೂಗು ಹಿಡಿಯದೆ ಚಕ್ರ ತಿರುಗಿಸಿಯೇ ವಿಮಾನ ಹಾರಿಸಲು ಹೋಗುತ್ತಾರೆ. ಅದೂ ತಪ್ಪೇ.

ಬಾಲದ ಮಾತು ಬಂದಾಗ ಅಬ್ಬಾಸ್ ಇಬ್ನ್ ಫಿರ್ನಾಸರ ನೆನಪಾಯಿತು. ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕುರ್ತುಬಾದಲ್ಲಿದ್ದ ಈ ವಿದ್ವಾಂಸರು ಮೈಗೆ ಗರಿ ಕಟ್ಟಿಕೊಂಡು ಹಾರಿದರೆಂದೂ, ಒಂದಷ್ಟು ದೂರ ಸಾಗಿ ಇಳಿಯುವಾಗ ಬಿದ್ದು ಗಾಯಗೊಂಡರೆಂದೂ ಹದಿನೇಳನೇ ಶತಮಾನದ ಇತಿಹಾಸಕಾರ ಅಲ್ ಮಕ್ಕರಿ ದಾಖಲಿಸಿದ್ದಾರೆ. ಹಕ್ಕಿಯು ಇಳಿಯುವಾಗ ಬಾಲವನ್ನು ಬಳಸುತ್ತದೆಂಬುದನ್ನು ಅವರು ಗಮನಿಸಿರಲಿಲ್ಲವಂತೆ, ಬಾಲವನ್ನೇ ಮಾಡಿಕೊಂಡಿರಲಿಲ್ಲವಂತೆ. ಎಲ್ಲರ ಕಣ್ಣು ರೆಕ್ಕೆಯ ಮೇಲೆ. ಬಾಲ ಯಾರಿಗೆ ನೆನಪಿರುತ್ತದೆ?

ಮರುದಿನ ಮುಂಜಾನೆ ಎಂದಿನಂತೆ ಮಗನ ಕೋಣೆಯ ಬಾಗಿಲು ಬಡಿದೆ. ಮೂರು ಸಲ ಬಡಿದೆ, ನಾಲ್ಕನೆಯ ಸಲ ಕೂಗಿದೆ. ಅವನು ಏಳು ವರ್ಷದ ಬಾಲಕನಾಗಿದ್ದಾಗಿನಿಂದ ನಮ್ಮ ಮನೆಯ ಫಜ್ರ್ ಹೀಗೆಯೇ ಆರಂಭವಾಗುವುದು. ನನ್ನ ಮಕ್ಕಳು ಫಜ್ರ್ ತಪ್ಪಿಸುವುದಿಲ್ಲ ಎಂದು ಮಸೀದಿಯ ಅಂಗಳದಲ್ಲಿ ಹೇಳಿಕೊಂಡವನು ನಾನು. ಅಂದು ನಮಾಝ್ ಮುಗಿಸಿ ಮರಳುವಾಗ ಅವನನ್ನು ಕೇಳಿದೆ, "ಹಾಸ್ಟೆಲಿನಲ್ಲಿ ಏನು ಮಾಡುತ್ತಿ?" ಅವನು ತಲೆ ತಗ್ಗಿಸಿದ. "ಅಲ್ಲಿ ಎಬ್ಬಿಸುವವರು ಇಲ್ಲವಲ್ಲ ಅಬ್ಬಾ" ಎಂದ. ಎರಡು ವರ್ಷಗಳ ಲೆಕ್ಕ ಆ ಒಂದು ಮಾತಿನಲ್ಲಿತ್ತು. ಗದರಲು ಬಾಯಿ ತೆರೆದವನಿಗೆ ಹಿಂದಿನ ರಾತ್ರಿ ಅವನೇ ಹೇಳಿದ್ದ ಮಾತು ಗಂಟಲಿಗೆ ಬಂದು ನಿಂತಿತು. ನಾನು ಹಿಡಿದುಕೊಂಡದ್ದು ಅಷ್ಟೇ.

ತಂದೆ ತಾಯಂದಿರೇ, ನಮ್ಮ ಮನೆಗಳಲ್ಲಿ ಹೀಗೆ ಕೈಬಲದಿಂದ ಹಿಡಿದಿಟ್ಟ ನಮಾಝ್‌ಗಳು ಎಷ್ಟಿರಬಹುದು? ಮಕ್ಕಳಿಗೆ ಏಳನೇ ವಯಸ್ಸಿನಲ್ಲಿ ನಮಾಝ್‌ಗೆ ಹೇಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ಗದರಿಸಿ ಶಿಕ್ಷಿಸುವ ಮಾತು ಬಂದದ್ದು ಹತ್ತನೇ ವಯಸ್ಸಿಗೆ. ನಾವು ಹತ್ತನ್ನು ಚೆನ್ನಾಗಿ ನೆನಪಿಟ್ಟುಕೊಂಡೆವು, ಏಳರಿಂದ ಹತ್ತರ ನಡುವಿನ ಮೂರು ವರ್ಷಗಳನ್ನು ಮರೆತೆವು. ಆ ಮೂರು ವರ್ಷಗಳು ಯಾತಕ್ಕೆ? ನಮ್ಮ ಕೈಯ ಭಾರವನ್ನು ಸ್ವಲ್ಪ ಸ್ವಲ್ಪವೇ ಆ ಪುಟ್ಟ ಹೃದಯಕ್ಕೆ ವರ್ಗಾಯಿಸುವುದಕ್ಕೆ ಅಲ್ಲವೇ? ರಾತ್ರಿ ಬೇಗ ಮಲಗುವ ಅಭ್ಯಾಸ, ತಾನೇ ಅಲಾರಮ್ ಇಟ್ಟುಕೊಳ್ಳುವ ಹೊಣೆ, ನಮಾಝ್‌ನಲ್ಲಿ ತಾನು ಓದುವ ಸೂರಾದ ಅರ್ಥ, ಒಂದು ದಿನ ತಾನಾಗಿ ಎದ್ದಾಗ ತಂದೆಯ ಮುಖದಲ್ಲಿ ಕಾಣುವ ಸಂತೋಷ. ಇವೇ ಆ ಸಣ್ಣ ಪಟ್ಟಿಯ ಕೆಲಸ ಮಾಡುತ್ತವೆ. ನಾನು ಬಾಗಿಲು ಬಡಿಯುವುದರಲ್ಲಿ ಇವೆಲ್ಲವನ್ನೂ ಉಳಿತಾಯ ಮಾಡಿದ್ದೆ. ತ್ವಾಹಾ ಅಧ್ಯಾಯದ 132ನೇ ವಚನದಲ್ಲಿ ಅಲ್ಲಾಹನು ಮನೆಯವರಿಗೆ ನಮಾಝ್‌ನ ಆದೇಶ ನೀಡಬೇಕೆನ್ನುವುದರ ಜೊತೆಗೆ, ನೀನು ಅದರಲ್ಲಿ ತಾಳ್ಮೆಯಿಂದ ಸ್ಥಿರವಾಗಿರಬೇಕೆಂದೂ ಆಜ್ಞಾಪಿಸಿರುವನು. ಆ ತಾಳ್ಮೆಯ ಮಾತು ನಮ್ಮ ಕಿವಿಗೆ ಬೀಳುವುದು ಕಡಿಮೆ.

ಹಾಗಾದರೆ ಬಿಟ್ಟುಬಿಡೋಣವೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಫರ್ಝ್ ನಮಾಝ್‌ನಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಮೂಗು ಹಿಡಿಯುವ ಮೊದಲೇ ಕೈ ಬಿಟ್ಟವನ ವಿಮಾನ ನೆಲಕ್ಕೇ ಬರುತ್ತದೆ. ಆದರೆ ಹಿಡಿತವೇ ಗುರಿಯಲ್ಲ. ಅನಸ್(ರ) ವರದಿ ಮಾಡಿರುವ ಒಂದು ಘಟನೆಯನ್ನು ಗಮನಿಸಿರಿ. ಪ್ರವಾದಿವರ್ಯರು(ಸ) ಮಸೀದಿಯನ್ನು ಪ್ರವೇಶಿಸಿದಾಗ ಎರಡು ಕಂಬಗಳ ನಡುವೆ ಹಗ್ಗವೊಂದನ್ನು ಕಟ್ಟಿರುವುದು ಕಂಡಿತು. ಇದೇನೆಂದು ವಿಚಾರಿಸಿದರು. ಅದು ಝೈನಬ್‌ರವರದು(ರ), ನಮಾಝ್‌ನಲ್ಲಿ ನಿಂತು ದಣಿದಾಗ ಅದನ್ನು ಹಿಡಿದುಕೊಳ್ಳುತ್ತಾರೆ ಎಂಬ ಉತ್ತರ ಬಂತು. ಹಗ್ಗವನ್ನು ಬಿಚ್ಚಿಹಾಕಲು ಅವರು(ಸ) ಆದೇಶಿಸಿದರು. ಉಲ್ಲಾಸವಿರುವಷ್ಟು ಹೊತ್ತು ನಮಾಝ್ ಮಾಡಬೇಕು, ದಣಿದಾಗ ಕುಳಿತುಕೊಳ್ಳಬೇಕೆಂದು ಕಲಿಸಿದರು. ಅದು ಐಚ್ಛಿಕ ಆರಾಧನೆಯ ಸಂದರ್ಭ ನಿಜ. ಆದರೂ ಉಮ್ಮುಲ್ ಮೂಮಿನೀನರ ಕೈಯಲ್ಲಿದ್ದ ಹಗ್ಗವನ್ನೇ ಬಿಚ್ಚಿಸಿದ ಧರ್ಮವಿದು. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮವು, ಅಲ್ಪವಾಗಿದ್ದರೂ ನಿರಂತರವಾಗಿರುವುದು ಎಂಬ ಆಯಿಶಾರವರ(ರ) ವರದಿಯನ್ನು ಇದರ ಪಕ್ಕದಲ್ಲಿಟ್ಟು ಓದಿರಿ. ಹಗ್ಗ ಹಿಡಿದು ನಿಂತದ್ದು ನಿರಂತರವಾಗುವುದು ಕಷ್ಟ.

ಇನ್ನೊಂದು ವಿಷಯ. ಒಮ್ಮೆ ಟ್ರಿಮ್ ಮಾಡಿದರೆ ಮುಗಿಯಿತೆಂದು ನಾನು ತಿಳಿದಿದ್ದೆ. ಹಾಗಿಲ್ಲ. ಅದು ಒಂದು ವೇಗಕ್ಕೆ ಮಾತ್ರ ಸರಿ. ಇಂಜಿನಿನ ಶಕ್ತಿ ಏರಿಸಿದರೆ ಮೂಗು ತಾನಾಗಿ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಇಂಧನ ಖರ್ಚಾಗಿ ತೂಕ ಬದಲಾದರೂ ಹೊಂದಿಕೆ ತಪ್ಪುತ್ತದೆ. ಎಲ್ಲಕ್ಕಿಂತ ಅಪಾಯದ ಗಳಿಗೆ ಬೇರೆಯೇ ಇದೆ. ಇಳಿಯಲೆಂದು ನಿಧಾನ ವೇಗಕ್ಕೆ ಮೂಗು ಮೇಲೆ ಮಾಡಿ ಟ್ರಿಮ್ ಮಾಡಿದ ವಿಮಾನವನ್ನು, ಇಳಿಯಲಾಗದೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಎತ್ತಬೇಕಾಗಿ ಬರುತ್ತದೆ. ಆಗ ಮೂಗು ಎಷ್ಟು ಜೋರಾಗಿ ಮೇಲೆದ್ದು ಬಿಡುತ್ತದೆಂದರೆ, ಪೈಲಟ್ ಬಲವಾಗಿ ಮುಂದಕ್ಕೆ ಒತ್ತಿ ಹಿಡಿಯದಿದ್ದರೆ ರೆಕ್ಕೆ ಗಾಳಿಯ ಆಸರೆಯನ್ನೇ ಕಳೆದುಕೊಂಡು ಬೀಳುತ್ತದೆ. ನಾನು ಮೂರು ಸಲ ಬಿದ್ದೆ, ತೆರೆಯ ಮೇಲೆ.

ಬಡತನದಲ್ಲಿ ತಹಜ್ಜುದ್ ತಪ್ಪಿಸದವನು ಹಣ ಬಂದೊಡನೆ ಏಕೆ ಬದಲಾದ ಎಂದು ನಾವು ಅಚ್ಚರಿಪಡುತ್ತೇವೆ. ಅವನ ಈಮಾನ್ ನಿಧಾನದ ಬದುಕಿಗೆ ಹೊಂದಿಕೊಂಡಿತ್ತು, ಶಕ್ತಿ ಏಕಾಏಕಿ ಬಂತು, ಮೂಗು ಆಕಾಶ ನೋಡಿತು. ಮದುವೆ, ಮೊದಲ ಮಗು, ಪರದೇಶದ ನೌಕರಿ, ಅತ್ತೆಯ ಮನೆಯಿಂದ ಬೇರೆಯಾಗುವುದು, ನಿವೃತ್ತಿ, ಇವುಗಳಲ್ಲಿ ಪ್ರತಿಯೊಂದರಲ್ಲೂ ಹೊಸ ಹೊಂದಿಕೆ ಬೇಕು. ಹಳೆಯ ವೇಳಾಪಟ್ಟಿಯನ್ನೇ ನಂಬಿ ಕೂತ ತಾಯಂದಿರು, ಮಗು ಹುಟ್ಟಿದ ಮೇಲೆ ಕುರ್‌ಆನ್ ಪಾರಾಯಣ ಪೂರ್ತಿ ನಿಂತುಹೋಯಿತೆಂದು ಕಣ್ಣೀರಿಡುವುದನ್ನು ಕೇಳಿದ್ದೇನೆ. ಸಹೋದರಿಯರೇ, ದಿನಕ್ಕೊಂದು ಜುಝ್ ಓದುತ್ತಿದ್ದವರು ಈಗ ಅರ್ಧ ಪುಟ ಓದಿರಿ, ಆದರೆ ಅರ್ಧ ಪುಟವನ್ನು ಬಿಡದಿರಿ. ಸನ್ಮಾರ್ಗದಲ್ಲಿ ನಡೆಸೆಂಬ ಪ್ರಾರ್ಥನೆಯನ್ನು ಅಲ್ಲಾಹನು ಜೀವನಕ್ಕೊಮ್ಮೆ ಕಲಿಸಿ ಬಿಡಲಿಲ್ಲ. ದಿನದ ಐದು ಹೊತ್ತಿನ ಫರ್ಝ್ ರಕಅತ್‌ಗಳಲ್ಲಿಯೇ ಹದಿನೇಳು ಸಲ ಅದನ್ನು ಕೇಳಬೇಕಾಗಿದೆ. ನೇರವಾಗಿ ಸಾಗುತ್ತಿರುವವನಿಗೂ ಹದಿನೇಳು ಸಲ!

ಹಾಗೆಂದು ಟ್ರಿಮ್ ನಮ್ಮನ್ನು ಎತ್ತಿ ಹಿಡಿದಿದೆ ಎಂದುಕೊಳ್ಳುವುದೂ ಮೌಢ್ಯವೇ. ಮುಲ್ಕ್ ಅಧ್ಯಾಯದ 19ನೇ ವಚನವು ರೆಕ್ಕೆ ಹರಡುತ್ತ ಮಡಚುತ್ತ ಸಾಗುವ ಹಕ್ಕಿಗಳತ್ತ ನಮ್ಮ ದೃಷ್ಟಿಯನ್ನು ಸೆಳೆದು, ಪರಮ ದಯಾಮಯನ ಹೊರತು ಅವುಗಳನ್ನು ಹಿಡಿದಿಟ್ಟವರಿಲ್ಲವೆಂದು ನೆನಪಿಸುತ್ತದೆ. ಹಕ್ಕಿ ರೆಕ್ಕೆ ಬಡಿಯುತ್ತದೆ, ಬಾಲ ತಿರುಗಿಸುತ್ತದೆ. ಹಿಡಿದಿರುವವನು ಅವನೇ.

ಉಳಿದ ರಜೆಯಲ್ಲಿ ನಾನು ಬಾಗಿಲು ಬಡಿಯಲಿಲ್ಲ. ಮೊದಲ ಎರಡು ದಿನ ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದೆ. ಆಮೇಲೆ ಅವನ ಅಲಾರಮ್‌ಗೆ ಬಿಟ್ಟೆ, ನನ್ನ ಕೋಣೆಯಲ್ಲಿ ಎದ್ದು ಕುಳಿತು ಕಿವಿಗೊಟ್ಟೆ. ಒಂದು ದಿನ ಆ ಅಲಾರಮ್ ಹೊಡೆದುಕೊಂಡು ಸುಮ್ಮನಾಯಿತು, ಕೋಣೆಯಲ್ಲಿ ಸದ್ದಿಲ್ಲ. ಆ ಐದು ನಿಮಿಷ ಎದ್ದು ಹೋಗದೆ ಕುಳಿತದ್ದು ನನ್ನ ಪಾಲಿಗೆ ದೀರ್ಘವಾದ ಹೊತ್ತು. ಬಳಿಕ ನಲ್ಲಿಯ ನೀರಿನ ಸದ್ದು ಕೇಳಿಸಿತು.

ಅವನು ಹಾಸ್ಟೆಲಿಗೆ ಮರಳಿದ ವಾರದ ಕೊನೆಗೆ ಫೋನ್ ಮಾಡಿದ. "ನಾಲ್ಕು ದಿನ ಸಮಯಕ್ಕೆ ಎದ್ದೆ ಅಬ್ಬಾ. ಮೂರು ದಿನ ಎಚ್ಚರವಾಗಲಿಲ್ಲ, ಎದ್ದ ಕೂಡಲೇ ಕಝಾ ಮಾಡಿದೆ" ಎಂದ. ಕೇಳದೆಯೇ ಹೇಳಿದ್ದ. ಆ ಮೂರು ದಿನಗಳ ಬಗ್ಗೆ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ರಾತ್ರಿ ಎಷ್ಟು ಗಂಟೆಗೆ ಮಲಗುತ್ತಿ ಮಗನೇ ಎಂದು ಕೇಳಿದೆ.